ಕಾಲುವೆ ದಂಡೆಯ ದಾರಿ

ಕಾರ್ಖಾನೆ ಊರಾಚೆಗೆ ಹೋಗುತ್ತದೆಂಬ ಸುದ್ದಿಯನ್ನು ಸೊಸೆ ಊಟಕ್ಕೆ ಕೂತಾಗ ಹೇಳಿದಳು, ಅದೂ ಇನ್ನೊಂದು ಚಮಚ ಪಲ್ಯ ಕೇಳುವ ದನಿಯಲ್ಲಿ. ಅತ್ತೆಗೆ ಮೊದಲು ಅದು ತಲೆಗೇ ಹೋಗಲಿಲ್ಲ. ಕನ್ನಡಕದ ಗಾಜು ತಯಾರಿಸುವ ಆ ಕಾರ್ಖಾನೆ ಮನೆಯಿಂದ ಎರಡೇ ಬೀದಿ ಆಚೆಗಿತ್ತು. ಹನ್ನೊಂದು ವರ್ಷದಿಂದ ಸೊಸೆ ಅಲ್ಲಿಗೆ ನಡೆದೇ ಹೋಗುತ್ತಿದ್ದಳು, ನಡೆದೇ ಬರುತ್ತಿದ್ದಳು. ಡಬ್ಬಿ ಮರೆತು ಹೋದ ದಿನ ಮಾವ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕೊಟ್ಟು ಬರುವಷ್ಟು ಹತ್ತಿರ.

"ಎಲ್ಲಿಗಂತೆ ಹೋಗೋದು?" ಎಂದು ಮಾವ ಕೇಳಿದರು.

"ರೈಲಲ್ಲಿ ಆರನೇ ಸ್ಟೇಷನ್ನು ಮಾವ. ಅಲ್ಲಿಂದ ಮೂರು ಕಿಲೋಮೀಟರ್ ಒಳಗೆ. ಬಸ್ಸಿಲ್ಲ. ಎಲ್ಲರೂ ಸೈಕಲ್ಲಲ್ಲಿ ಹೋಗ್ಬೇಕು ಅಂತಿದಾರೆ."

ಸೈಕಲ್ಲೆಂಬ ಮಾತು ಆ ಮನೆಯಲ್ಲಿ ಮೂರು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ಮೂರು ವರ್ಷದ ಹಿಂದೆ ಇವರ ಮಗ, ಅಂದರೆ ಅವಳ ಗಂಡ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ತಿರುವಿನಲ್ಲಿ ಲಾರಿಯೊಂದು ಅವನನ್ನು ನೋಡದೆ ತಿರುಗಿತ್ತು. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ, "ನನಗೂ ಒಂದು ಸೈಕಲ್ ಬೇಕು" ಎಂದಳು. ಸಣಕಲು ಮೈಯೆಂದು ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು.

ಸೊಸೆ ತಟ್ಟೆಯ ಅಂಚಿನಲ್ಲಿ ಅನ್ನದ ಅಗುಳುಗಳನ್ನು ಒಂದು ಕಡೆ ಸೇರಿಸುತ್ತ ಉಳಿದದ್ದನ್ನೂ ಹೇಳಿದಳು. ದೂರದವರಿಗೆಂದು ಕಾರ್ಖಾನೆಯ ಹಿಂದೆಯೇ ಮನೆ ಕೊಡುತ್ತಾರಂತೆ. ಒಂದು ಕೋಣೆ, ಒಂದು ಅಡುಗೆಮನೆ. ಬೇಕಾದವರು ತಿಂಗಳೊಳಗೆ ಹೆಸರು ಬರೆಸಬೇಕು. ಅತ್ತೆಯ ಕೈಯ ಸೌಟು ಪಾತ್ರೆಗೆ ತಗುಲಿ ಸದ್ದಾಯಿತು. ಸೊಸೆ ಆ ಕೋಣೆಗೆ ಹೋದರೆ ಕಡ್ಡಿಯೂ ಹೋಗುತ್ತಾಳೆ. ಮಗ ಹೋದ ಮೇಲೆ ಈ ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದು, ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದದ್ದು ಎಲ್ಲ ಆ ಎರಡು ಜೀವಗಳ ದೆಸೆಯಿಂದ. ಇದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಮಾವ ಎದ್ದು ಕೈ ತೊಳೆದರು. "ಹೆಸರು ಬರೆಸ್ಬೇಡ. ನಾನು ದಾರಿ ನೋಡ್ತೀನಿ" ಎಂದರು.

ಮಾವ ಮೂವತ್ತೊಂದು ವರ್ಷ ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿದವರು. ರೈಲು ಬರುವ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಗೇಟು ಹಾಕುವುದು, ಹೋದ ಮೇಲೆ ತೆಗೆಯುವುದು, ಇಷ್ಟೇ ಆ ಕೆಲಸ. ಬೇರೆ ಗೇಟಿನವರು ರೈಲಿನ ದೀಪ ಕಂಡ ಮೇಲೆ ಹಾಕುತ್ತಿದ್ದರು, ಇವರು ಅದು ಹಿಂದಿನ ಸ್ಟೇಷನ್ ಬಿಟ್ಟಿತೆಂದು ಫೋನು ಬಂದ ಕೂಡಲೇ ಹಾಕಿಬಿಡುತ್ತಿದ್ದರು. ಫೋನು ಬಾರದಿದ್ದರೆ, ಯಾಕೆ ಬರಲಿಲ್ಲವೋ ಎಂದು ಇನ್ನೂ ಬೇಗ ಹಾಕುತ್ತಿದ್ದರು. ಕಾದು ಕಾದು ಸಾಕಾದ ಜನ ಅವರಿಗೆ ಮುಚ್ಚಪ್ಪನೆಂದು ಹೆಸರಿಟ್ಟಿದ್ದರು. ಕೆಲವರು ಎದುರಿಗೇ ಕರೆಯುತ್ತಿದ್ದರು. ಮಾವ ಬೇಸರ ಪಡುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಗೇಟಿನಲ್ಲಿ ಒಂದು ಕೋಳಿ ಕೂಡ ಸತ್ತಿರಲಿಲ್ಲ.

ಮಾರನೆಯ ದಿನದಿಂದ ಅವರು ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಸಿಕೊಂಡು ರೈಲು ಹತ್ತತೊಡಗಿದರು. ಆರನೆಯ ಸ್ಟೇಷನ್ನಿನ ಹೊರಗೆ ಟೈರಿಗೆ ಪಂಕ್ಚರ್ ಹಾಕುವ ಅಂಗಡಿಯೊಂದಿತ್ತು. ಅದರ ಮುಂದಿನ ಹಲಗೆಯ ಮೇಲೆ ಕೂತು ಅವರು ಲಾರಿ ಎಣಿಸಿದರು. ಎರಡು ದಿನ ನೋಡಿ ಅಂಗಡಿಯ ಹೆಂಗಸು, "ಲಾರಿ ಕೊಂಡ್ಕೊಳ್ಳೋ ಯೋಚನೆನಾ ಅಜ್ಜ?" ಎಂದು ಕೇಳಿದಳಂತೆ. ಇಲ್ಲಮ್ಮ, ತಪ್ಪಿಸಿಕೊಳ್ಳೋ ಯೋಚನೆ ಎಂದರಂತೆ ಇವರು. ಮೂರನೆಯ ದಿನದಿಂದ ಆಕೆ ತಾನಾಗಿಯೇ ಹಲಗೆಯ ಮೇಲೊಂದು ಕೊಡೆ ಕಟ್ಟಿಡುತ್ತಿದ್ದಳು. ಬೆಳಿಗ್ಗೆ ಏಳರಿಂದ ಎಂಟರೊಳಗೆ ನೂರ ಹನ್ನೆರಡು ಲಾರಿ. ರಸ್ತೆಯ ಅಂಚು ಮುರಿದಿತ್ತು. ಆ ಒಂದು ಗಂಟೆಯಲ್ಲಿ ಸೈಕಲ್ಲಿನವರು ಇಬ್ಬರೋ ಮೂವರೋ, ಅವರೂ ಪ್ರಾಣ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದರು. ಹೊಸ ಕಾರ್ಖಾನೆಯ ಗೋಡೆಗೆ ಆಗಿನ್ನೂ ಬಣ್ಣ ಬಳಿಯುತ್ತಿದ್ದರು.

ಆಮೇಲೆ ಏಳನೆಯ ಸ್ಟೇಷನ್ನಿಗೆ ಹೋಗಿ ನೋಡಿದರು, ಎಂಟನೆಯದಕ್ಕೂ ಹೋದರು. ಒಂಬತ್ತನೆಯ ದಿನ ಸಂಜೆ ಮುಖದ ತುಂಬ ಬಿಸಿಲು ಹೊತ್ತು ಮನೆಗೆ ಬಂದವರು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಬೆನ್ನಿಗೆ ಕೆಂಪು ನೀಲಿ ಪೆನ್ಸಿಲಿನಲ್ಲಿ ದಾರಿ ಬರೆದು, ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದರು. ಕೆಂಪು ಅಂದರೆ ಲಾರಿ, ನೀಲಿ ಅಂದರೆ ಕಾಲುವೆ.

ದಾರಿ ಹೀಗಿತ್ತು. ಸೊಸೆ ಐದೂ ಇಪ್ಪತ್ತಕ್ಕೆ ಮನೆ ಬಿಡಬೇಕು. ಒಳಗಲ್ಲಿಗಳಲ್ಲಿ ಸೈಕಲ್ ತುಳಿದು ಸ್ಟೇಷನ್ನಿಗೆ ಹೋಗಿ, ಸೈಕಲ್ಲಿನ ಸಮೇತ ಕೊನೆಯ ಬೋಗಿ ಹತ್ತಬೇಕು. ಬೆಳಿಗ್ಗೆ ಆರೂವರೆಯ ಮೇಲೆ ಗದ್ದಲವಾಗುವುದರಿಂದ ರೈಲಿನಲ್ಲಿ ಸೈಕಲ್ ಬಿಡುವುದಿಲ್ಲ, ಹಾಗಾಗಿ ಐದೂ ಮುಕ್ಕಾಲಿನದೇ ಆಗಬೇಕು. ಆರನೆಯ ಸ್ಟೇಷನ್ನಿನಲ್ಲಿ ಇಳಿಯಬಾರದು. ಎಂಟನೆಯದರಲ್ಲಿ ಇಳಿದು, ಕಾಲುವೆ ದಂಡೆಯ ಮಣ್ಣುದಾರಿಯಲ್ಲಿ ಒಂಬತ್ತು ಕಿಲೋಮೀಟರ್ ಹಿಂದಕ್ಕೆ ತುಳಿದು ಕಾರ್ಖಾನೆಯ ಹಿಂಬಾಗಿಲು ಸೇರಬೇಕು. ಎಂಟನೆಯ ಸ್ಟೇಷನ್ನಿನಲ್ಲಿ ಕಾವಲಿಲ್ಲ, ಸೈಕಲ್ ಬಿಟ್ಟು ಬರುವ ಹಾಗಿಲ್ಲ. ಸಂಜೆಯೂ ಅದೇ ದಾರಿ. ಆದರೆ ನಾಲ್ಕೂವರೆಗೆ ಕೆಲಸ ಬಿಟ್ಟರೂ ಏಳರವರೆಗೆ ರೈಲಿನಲ್ಲಿ ಸೈಕಲ್ ಹತ್ತಿಸುವುದಿಲ್ಲವಾದ್ದರಿಂದ ಏಳರ ರೈಲಿಗೆ ಕಾಯಬೇಕು.

ಅತ್ತೆ ಎಲ್ಲ ಕೇಳಿಸಿಕೊಂಡು, "ಕಾಲು ಗಂಟೆ ದಾರಿಗೆ ಎರಡು ಸ್ಟೇಷನ್ ಮುಂದೆ ಹೋಗಿ ಹಿಂದೆ ಬರೋದಾ? ಪಕ್ಕದ ಮನೆಗೆ ಹೋಗೋಕೆ ಪಕ್ಕದೂರು ಸುತ್ತಿಬಂದ ಹಾಗಾಯ್ತು" ಎಂದರು.

"ಈ ದಾರೀಲಿ ಒಂದೇ ಒಂದು ಲಾರಿ ಇಲ್ಲ ಕಣೇ."

"ಹೊತ್ತು? ಇವಳು ಮನೆ ಸೇರೋ ಹೊತ್ತಿಗೆ ಎಂಟೂಕಾಲು."

"ತಡವಾಗಿ ಸೇರ್ಲಿ. ಸೇರ್ಲಿ."

ಆ ಎರಡನೆಯ 'ಸೇರ್ಲಿ' ಕೇಳಿದ ಮೇಲೆ ಅತ್ತೆ ಒಲೆಯ ಕಡೆ ತಿರುಗಿದರು. ಸೊಸೆ ಹಾಳೆಯ ಮುಂದೆ ನಿಂತು ನೀಲಿ ಗೆರೆಯ ಮೇಲೆ ಬೆರಳಾಡಿಸಿದಳು.

"ಮಾತು ಕೊಡಮ್ಮ. ಯಾರು ಕರೆದ್ರೂ, ಎಷ್ಟೇ ಅವಸರ ಆದ್ರೂ ಆರನೇದ್ರಲ್ಲಿ ಇಳಿಯಲ್ಲ ಅಂತ" ಎಂದರು ಮಾವ.

"ಇಳಿಯಲ್ಲ ಮಾವ."

ಮುಂದಿನ ಹದಿನೈದು ದಿನ ಮನೆಯಲ್ಲಿ ಒಂದು ಬಗೆಯ ಸಡಗರವೇ ಇತ್ತೆನ್ನಬೇಕು. ಮಾವ ನಾಲ್ಕು ಹಳೆಯ ಸೈಕಲ್ಲುಗಳನ್ನು ನೋಡಿ, ಒಂದರ ಬ್ರೇಕು, ಇನ್ನೊಂದರ ಹ್ಯಾಂಡಲು ಸರಿಯಿಲ್ಲವೆಂದು ಬಿಟ್ಟು, ಐದನೆಯದನ್ನು ತಂದರು. ಶಾಲೆಯ ಮೈದಾನದಲ್ಲಿ ಸೊಸೆ ಮೂರು ವರ್ಷದ ಮೇಲೆ ಪೆಡಲಿನ ಮೇಲೆ ಕಾಲಿಟ್ಟಳು. ಹಿಂದೆ ಓಡುತ್ತಿದ್ದ ಮಾವನ ಪಂಚೆ ಕಾಲಿಗೆ ಸಿಕ್ಕಿ ಅವರೇ ಬಿದ್ದರು. "ತಾತ ಸೈಕಲ್ ಇಲ್ದೇನೇ ಬಿದ್ರು" ಎಂದು ಕಡ್ಡಿ ಬೀದಿಯ ತುಂಬ ಸಾರಿಕೊಂಡು ಬಂದಳು. ಅತ್ತೆ ಗಂಡನ ಹಳೆಯ ಕೆಲಸದ ಕೋಟಿನಿಂದ ಹೊಳೆಯುವ ಪಟ್ಟಿಗಳನ್ನು ಬಿಚ್ಚಿ ಸೊಸೆಯ ಜಾಕೀಟಿನ ಬೆನ್ನಿಗೆ, ತೋಳಿಗೆ ಹೊಲಿದರು. ದೀಪ ಬಿದ್ದರೆ ಸೊಸೆ ಮೀನಿನ ಹಾಗೆ ಮಿಂಚುತ್ತಿದ್ದಳು.

ಕಾರ್ಖಾನೆ ಹೊಸ ಜಾಗದಲ್ಲಿ ಶುರುವಾಯಿತು. ಅತ್ತೆ ನಾಲ್ಕೂವರೆಗೆ ಎದ್ದು ಅನ್ನ ಬೇಯಿಸಿ, ಒಂದು ಡಬ್ಬಿ ಬೆಳಗಿಗೆ, ಒಂದು ಮಧ್ಯಾಹ್ನಕ್ಕೆ, ಎಂಟನೆಯ ಸ್ಟೇಷನ್ನಿನಲ್ಲಿ ಏಳರ ರೈಲಿಗೆ ಕಾಯುವಾಗ ತಿನ್ನಲೆಂದು ಎರಡು ತುಂಡು ಬ್ರೆಡ್ಡು ಕಟ್ಟುತ್ತಿದ್ದರು. ಮಾವ ಗಲ್ಲಿಯ ತುದಿಯವರೆಗೆ ಟಾರ್ಚು ಹಿಡಿದು ಹೋಗುತ್ತಿದ್ದರು. ಸೊಸೆ ಮನೆಗೆ ಬಂದು ಊಟಕ್ಕೆ ಕೂತ ಕೂಡಲೇ ಒಂದೇ ಪ್ರಶ್ನೆ: "ದಾರಿ ಹೇಗಿತ್ತು?" ಚೆನ್ನಾಗಿತ್ತು ಮಾವ ಎನ್ನುತ್ತಿದ್ದಳು ಅವಳು. ಮಾವ ತಲೆಯಾಡಿಸಿ ತಟ್ಟೆಗೆ ಕೈ ಹಾಕುತ್ತಿದ್ದರು. ಅಲ್ಲಿಯವರೆಗೆ ಅವರು ಉಂಡದ್ದನ್ನು ಅತ್ತೆ ಕಂಡಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಸೊಸೆಯ ಕೆನ್ನೆಯ ಮೂಳೆ ಎದ್ದು ಕಂಡಿತು. ಕಡ್ಡಿ ಎಂಟಕ್ಕೆಲ್ಲ ನಿದ್ದೆ ಹೋಗುವ ಮಗು, ಏಳುವಷ್ಟರಲ್ಲಿ ತಾಯಿ ಹೋಗಿರುತ್ತಿದ್ದಳು. ಲೆಕ್ಕದ ಪುಸ್ತಕದಲ್ಲಿ ತಾಯಿ ರುಜು ಹಾಕಬೇಕಾದಲ್ಲಿ ತಾತನೇ ಹಾಕುತ್ತಿದ್ದರು. ಒಂದು ಸಂಜೆ ಪಕ್ಕದ ಮನೆಯಾಕೆ, ಅಮ್ಮ ಎಲ್ಲಮ್ಮಾ ಎಂದು ಕೇಳಿದ್ದಕ್ಕೆ ಕಡ್ಡಿ, "ನಮ್ಮಮ್ಮ ಭಾನುವಾರ ಮಾತ್ರ ಇರೋದು, ನಿಮ್ಮ ಮನೆ ಹಾಲಿನವನ ಹಾಗೆ ದಿನಾ ಸಿಗಲ್ಲ" ಎಂದಳು. ಪಕ್ಕದ ಮನೆಯಾಕೆ ನಕ್ಕಳು. ಬಟ್ಟೆ ಮಡಿಸುತ್ತಿದ್ದ ಅತ್ತೆ ಕೈಯ ಲಂಗವನ್ನು ಬಿಚ್ಚಿ ಮತ್ತೆ ಮಡಿಸಿದರು.

ಐದನೆಯ ವಾರದ ಭಾನುವಾರ ಸೊಸೆಯ ಜೊತೆ ಕೆಲಸ ಮಾಡುವಾಕೆ ಒಂದು ಚೀಲ ಕಿತ್ತಳೆ ಹಣ್ಣು ತಂದಳು. ದಪ್ಪನೆಯ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿಯಿತ್ತು. ಸೊಸೆ ಒಳಕೋಣೆಯಲ್ಲಿ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಹಗಲಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಬೇಡಿ ಎಂದು ಆಕೆಯೇ ತಡೆದಳು. ಚಹಾ ಕುಡಿಯುತ್ತ, ಹೇಳಲೋ ಬೇಡವೋ ಎಂದು ಲೋಟವನ್ನು ಮೂರು ಸಲ ಕೆಳಗಿಟ್ಟು ಎತ್ತಿ, ಕೊನೆಗೆ ಹೇಳಿದಳು. ಇವಳು ಯಂತ್ರದ ಮುಂದೆ ತೂಕಡಿಸುತ್ತಿದ್ದಾಳೆ. ಎರಡು ಸಲ ಗಾಜು ಒಡೆದಿದೆ. ಮೇಲಿನವರಿಗೆ ತಿಳಿಯದ ಹಾಗೆ ನಾವೇ ಗುಡಿಸಿದ್ದೇವೆ. ಅಂಚು ಸವೆಸುವ ಚಕ್ರ ಅದು, ಬೆರಳನ್ನೂ ಗಾಜೆಂದೇ ತಿಳಿಯುತ್ತದೆ.

ಅತ್ತೆ ಆ ಸಂಜೆ ಸೊಪ್ಪು ಬಿಡಿಸುತ್ತ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ಆರನೆಯದರಲ್ಲಿ ಇಳಿದುಬಿಡು, ನಾನು ಯಾರಿಗೂ ಹೇಳುವುದಿಲ್ಲ ಎಂದರು. ಸೊಸೆ ದಂಟು ಮುರಿಯುತ್ತಲೇ ಹೇಳಿದಳು.

"ಒಂಬತ್ತು ದಿನ ಬಿಸಿಲಲ್ಲಿ ಕೂತು ಲಾರಿ ಎಣಿಸಿದಾರೆ ಅತ್ತೆ. ನನಗೋಸ್ಕರ ಮಾತ್ರ ಅಲ್ಲ ಅದು. ಅವರಿಗೆ ಎಣಿಸೋಕೆ ಆಗ್ದೇ ಹೋದ ಇನ್ನೊಂದು ರಸ್ತೆ ಇದೆಯಲ್ಲ, ಅದಕ್ಕೋಸ್ಕರ. ನಾನು ಹೇಗೆ ಮಾತು ಮುರೀಲಿ?"

ಮರುದಿನ ಅತ್ತೆ ಕಡ್ಡಿಯ ಜಡೆಯ ಜವಾಬ್ದಾರಿಯನ್ನು ಗಂಡನಿಗೆ ಒಪ್ಪಿಸಿ, ಕಣ್ಣಿನ ಆಸ್ಪತ್ರೆಗೆಂದು ಸುಳ್ಳು ಹೇಳಿ ಸೊಸೆಯ ಜೊತೆ ರೈಲು ಹತ್ತಿದರು. ಕೊನೆಯ ಬೋಗಿಯಲ್ಲಿ ಕೂರಲು ಜಾಗವಿರಲಿಲ್ಲ. ಸೊಸೆ ಸೈಕಲ್ಲಿನ ಹ್ಯಾಂಡಲಿಗೆ ತಲೆಯಾನಿಸಿ ನಿಂತೇ ನಿದ್ದೆ ಮಾಡಿದಳು. ತರಕಾರಿಯ ಬುಟ್ಟಿ ಇಟ್ಟುಕೊಂಡಿದ್ದ ಮುದುಕನೊಬ್ಬ ಸೈಕಲ್ ಜಾರದಂತೆ ಅದರ ಹಿಂದಿನ ಚಕ್ರವನ್ನು ತನ್ನ ಪಾದದಿಂದ ತಡೆದುಕೊಂಡಿದ್ದ. ದಿನಾ ಹಾಗೇ ತಡೆಯುತ್ತಾನೆಂದು ಕಾಣುತ್ತದೆ, ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಎಂಟನೆಯ ಸ್ಟೇಷನ್ನಿನಲ್ಲಿ ಇಳಿದವರು ಇವರಿಬ್ಬರೇ. ಕಾಲುವೆಯ ದಂಡೆ ಮಂಜಿನಲ್ಲಿ ನೇರವಾಗಿ ಮಲಗಿತ್ತು. ಒಂದು ಮನೆಯಿಲ್ಲ, ಒಂದು ನಾಯಿಯಿಲ್ಲ. ಸೊಸೆ ಕೈ ಬೀಸಿ ಹೊರಟಳು. ಬೆನ್ನಿನ ಪಟ್ಟಿ ಸ್ವಲ್ಪ ದೂರ ಮಿಂಚಿ ಆಮೇಲೆ ಅದೂ ಕಾಣಲಿಲ್ಲ. ಲಾರಿ ಇಲ್ಲವೆಂದರೆ ಹೀಗೇ ಇರುತ್ತದೆ, ಬಿದ್ದರೆ ಎತ್ತುವವರೂ ಇಲ್ಲ ಎಂದುಕೊಂಡರು ಅತ್ತೆ.

ವಾಪಸು ರೈಲಿನಲ್ಲಿ ಬಂದು ಆರನೆಯದರಲ್ಲಿ ಇಳಿದಾಗ ಏಳೂ ಇಪ್ಪತ್ತೈದು. ಸ್ಟೇಷನ್ನಿನ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಮೂವತ್ತು ಮಂದಿ ಹೆಂಗಸರು ಬೀಗ ತೆಗೆಯುತ್ತಿದ್ದರು. ಕಿತ್ತಳೆ ತಂದಿದ್ದಾಕೆ ಸೀಟಿ ಊದಿದಳು. ಎಲ್ಲರೂ ಇಬ್ಬಿಬ್ಬರಂತೆ ಸಾಲಾಗಿ ಹೊರಟರು. ಕೊನೆಯವಳ ಸೈಕಲ್ಲಿಗೆ ಕೋಲು ಕಟ್ಟಿ ಕೆಂಪು ಬಟ್ಟೆ ಹಾರಿಸಿದ್ದರು. ಪಂಕ್ಚರ್ ಅಂಗಡಿಯ ಹೆಂಗಸು ನಡುರಸ್ತೆಗೆ ಬಂದು ಎರಡು ಕೈಯೆತ್ತಿ ಲಾರಿಗಳನ್ನು ನಿಲ್ಲಿಸಿದಳು. ಲಾರಿಗಳು ನಿಂತವು. ಸಾಲು ದಾಟಿತು.

ಮನೆಗೆ ಬಂದು ಅತ್ತೆ ಇದೆಲ್ಲವನ್ನೂ ಗಂಡನಿಗೆ ಹೇಳಿದರು. ಕಣ್ಣಿನ ಆಸ್ಪತ್ರೆಯ ಸುಳ್ಳನ್ನೂ ಒಪ್ಪಿಕೊಂಡರು. ನೀವು ನೋಡಿದಾಗ ಕಾರ್ಖಾನೆಯೇ ಶುರುವಾಗಿರಲಿಲ್ಲ, ಈ ಹೆಂಗಸರೂ ಇರಲಿಲ್ಲ, ಬರೀ ಲಾರಿ ಎಣಿಸಿ ಬಂದಿರಿ, ಇನ್ನೊಮ್ಮೆ ಹೋಗಿ ನೋಡಿ ಎಂದರು. ಮಾವ ಕಡ್ಡಿಯ ಶಾಲೆಯ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ತಲೆಯೆತ್ತಲಿಲ್ಲ.

"ನಮ್ಮ ಮಗನೂ ಗುಂಪಲ್ಲೇ ಬರ್ತಿದ್ದ. ನಾಲ್ಕು ಜನ ಇದ್ರು."

"ರೀ, ಅವಳು ನಿಂತಲ್ಲೇ ನಿದ್ದೆ ಮಾಡ್ತಿದಾಳೆ."

"ನಿದ್ದೆ ಬಂದ್ರೆ ಭಾನುವಾರ ಮಾಡ್ತಾಳೆ. ಸತ್ರೆ ಏಳಲ್ಲ."

"ಹಾಗಾದ್ರೆ ಆ ಕೋಣೆಗಾದ್ರೂ ಕಳ್ಸಿ. ಇಲ್ಲಿ ನಮ್ಮ ಕಣ್ಣ ಮುಂದೆ ಇರ್ಲಿ ಅಂತ ಅವಳನ್ನ ಸವೆಸ್ತಿದೀರಲ್ಲ, ಅದು ಅವಳ ಒಳ್ಳೇದಕ್ಕೋ, ನಿಮ್ಮ ಒಳ್ಳೇದಕ್ಕೋ?"

ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆ ಇಷ್ಟು ಕಟುವಾಗಿ ಆಡಿದ್ದು ಇದೇ ಮೊದಲು. ಮಾವ ಬ್ರಷ್ ಕೆಳಗಿಟ್ಟು ಹೊರಗೆ ಹೋದರು. ಒಂದು ಬೂಟು ಹೊಳೆಯುತ್ತಿತ್ತು, ಇನ್ನೊಂದಕ್ಕೆ ಮಣ್ಣು ಹಾಗೇ ಇತ್ತು. ಉಳಿದದ್ದನ್ನು ಅತ್ತೆಯೇ ಉಜ್ಜಿದರು. ನಾಲ್ಕು ದಿನ ಗಂಡ ಹೆಂಡಿರ ನಡುವಿನ ಮಾತೆಲ್ಲ ಕಡ್ಡಿಯ ಮೂಲಕವೇ ನಡೆಯಿತು. "ತಾತ, ಅಜ್ಜಿ ಕೇಳ್ತಿದಾರೆ ಚಹಾ ಬೇಕಾ ಅಂತ. ಅಜ್ಜಿ, ತಾತ ಬೇಡ ಅಂದ್ರು, ಆದ್ರೆ ಬೇಕು ಅನ್ನೋ ಮುಖ ಇದೆ."

ಐದನೆಯ ದಿನ ಮಧ್ಯಾಹ್ನ ಪಕ್ಕದ ಮನೆಗೆ ಫೋನು ಬಂತು.

ಸೊಸೆಯ ಎಡಗೈಯ ತೋರುಬೆರಳಿನ ತುದಿ ಚಕ್ರಕ್ಕೆ ಸಿಕ್ಕಿ ಉಗುರಿನ ಬುಡದವರೆಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಸೊಸೆ ಬ್ಯಾಂಡೇಜಿನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಳು. ಅತ್ತೆ ಮಾವ ಬಂದದ್ದನ್ನು ನೋಡಿ ಏಳಲು ಹೋದಳು. ಮೊದಲು ಹೇಳಿದ ಮಾತು, "ರಸ್ತೇಲಿ ಏನೂ ಆಗ್ಲಿಲ್ಲ ಮಾವ. ದಾರಿ ಚೆನ್ನಾಗಿತ್ತು" ಎಂದು.

ಮಾವ ಮಂಚದ ಕಬ್ಬಿಣವನ್ನು ಹಿಡಿದುಕೊಂಡರು. ಮಗನನ್ನು ತಂದ ದಿನವೂ ಅವರು ಅತ್ತಿರಲಿಲ್ಲ. ಇವತ್ತೂ ಅಳಲಿಲ್ಲ. ಸೀಟಿಯ ಹೆಂಗಸು ಕೆಲಸ ಬಿಟ್ಟು ಬಂದು ಅಲ್ಲೇ ಕೂತಿದ್ದಳು. ಅವಳು ಎದ್ದು ತನ್ನ ಸ್ಟೂಲನ್ನು ಅವರ ಮೊಣಕಾಲಿನ ಹಿಂದೆ ತಳ್ಳಿದಳು. ಅವರು ಕೂತರು.

ಸೊಸೆ ಮನೆಗೆ ಬಂದ ಸಂಜೆ ಮಾವ ಅಡುಗೆಮನೆಯ ಗೋಡೆಯಿಂದ ಹಾಳೆಯನ್ನು ತೆಗೆದರು. ಹರಿಯಲಿಲ್ಲ, ಎಸೆಯಲಿಲ್ಲ. ಮಡಿಸಿ ಅಕ್ಕಿಯ ಡಬ್ಬಿಯ ಕೆಳಗಿಟ್ಟರು. ಮೊಳೆಯನ್ನೂ ಕಿತ್ತರು. ಆಮೇಲೆ ಸೊಸೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ಆ ಕೋಣೆ ತಗೊಳ್ಳಮ್ಮ. ಕಡ್ಡೀನ ಕರ್ಕೊಂಡು ಹೋಗು. ರೈಲೂ ಬೇಡ, ಸೈಕಲ್ಲೂ ಬೇಡ. ಹಿಂದಿನ ಬಾಗಿಲಿಂದ ನಾಲ್ಕು ಹೆಜ್ಜೆ. ನಾನೇ ಬಂದು ಮಾತಾಡ್ತೀನಿ, ಇನ್ನೂ ಖಾಲಿ ಇದ್ರೆ ಕೊಡ್ಲಿ."

ಇದನ್ನು ಹೇಳಲು ಅವರಿಗೆ ಏನು ಬೆಲೆ ಬಿತ್ತೆಂಬುದು ಅತ್ತೆಗೆ ಗೊತ್ತಿತ್ತು. ಸೊಸೆ ಬ್ಯಾಂಡೇಜಿನ ಎಳೆಯೊಂದನ್ನು ಬಲಗೈಯಲ್ಲಿ ನಯ ಮಾಡುತ್ತಿದ್ದಳು.

"ಖಾಲಿ ಇಲ್ಲ ಮಾವ. ಕಾರ್ಖಾನೆಯವರು ಕೇಳಿದ ದಿನಾನೇ ನನಗೆ ಬೇಡ ಅಂತ ಬರೆದುಕೊಟ್ಟಿದ್ದೆ. ಮನೆಗೆ ಬಂದು ಹೇಳೋಕೆ ಮುಂಚೆನೇ."

"ಬೇಡ ಅಂದಿದ್ಯಾ? ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?"

"ನೀವು ಹೋಗು ಅಂತೀರೇನೋ ಅಂತ ಕಾದೆ. ಮಗ ಇಲ್ದ ಮನೇಲಿ ಸೊಸೆ ಎಷ್ಟು ದಿನ ಅಂತ ನಿಮಗೂ ಅನ್ಸಿರ್ಬಹುದಲ್ಲ. ನೀವು ಹೆಸರು ಬರೆಸ್ಬೇಡ ಅಂದ್ರಿ. ಅಷ್ಟು ಸಾಕಾಯ್ತು ನನಗೆ. ಆಮೇಲೆ ಯಾವ ದಾರಿ ಅಂದ್ರೂ ಹೂಂ ಅನ್ನೋಣ ಅನ್ನಿಸ್ತು."

ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು. ಅತ್ತೆಗೆ ಅದನ್ನು ಇಳಿಸಲು ಏಳಬೇಕೆನಿಸಲಿಲ್ಲ. ಕೊನೆಗೆ ಕಡ್ಡಿಯೇ ಹೋಗಿ ಒಲೆ ಆರಿಸಿ ಬಂದಳು.

ಗಾಯ ಮಾಯಲು ಐದು ವಾರ ಹಿಡಿಯಿತು. ಅಷ್ಟೂ ದಿನ ಸೊಸೆ ನಿದ್ದೆ ಮಾಡಿದಳು, ಮಗಳ ಲೆಕ್ಕದ ಪುಸ್ತಕಕ್ಕೆ ರುಜು ಹಾಕಿದಳು, ಒಂದೇ ಕೈಯಲ್ಲಿ ಮಗಳ ಜಡೆ ಹೆಣೆಯಲು ಹೋಗಿ ಸೋತಳು. ಅರ್ಧವನ್ನು ಅವಳು, ಅರ್ಧವನ್ನು ಮಾವ ಹಿಡಿದು ಹೆಣೆಯುವುದು ರೂಢಿಯಾಯಿತು. ಕಾರ್ಖಾನೆಯವರು ಅವಳನ್ನು ಚಕ್ರದಿಂದ ತೆಗೆದು ಸಿದ್ಧವಾದ ಗಾಜು ಪರೀಕ್ಷಿಸುವ ಮೇಜಿಗೆ ಹಾಕುತ್ತೇವೆ ಎಂದರು. ಮಾವ ಸೈಕಲ್ಲನ್ನು ಅಂಗಡಿಗೆ ಒಯ್ದು ಎರಡು ಬ್ರೇಕೂ ಬಲಗೈಗೇ ಬರುವಂತೆ ಮಾಡಿಸಿಕೊಂಡು ಬಂದರು.

ಸೊಸೆ ಕೆಲಸಕ್ಕೆ ಮರಳುವ ಹಿಂದಿನ ದಿನವೇ ಮಾವ ಬೆಳಗಿನ ಮೊದಲ ರೈಲಿನಲ್ಲಿ ಸೈಕಲ್ ಒಯ್ದು ಆರನೆಯ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದಿದ್ದರು. ಮಾರನೆಯ ದಿನ ಸೊಸೆ ಆರೂಕಾಲಿಗೆ ಮನೆ ಬಿಟ್ಟಳು. ಕಡ್ಡಿ ಎದ್ದಿದ್ದಳು, ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಲೇ ಕೈ ಬೀಸಿದಳು. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅತ್ತೆ ಮಾವ ಇಬ್ಬರೂ ಜೊತೆಗೆ ಹೊರಟರು.

ಸ್ಟ್ಯಾಂಡಿನಲ್ಲಿ ಹೆಂಗಸರು ಹೊರಡುವುದರಲ್ಲಿದ್ದರು. ಮಾವ ಸೊಸೆಯ ಸೈಕಲ್ಲಿನ ಮುಂದೆ ಬಗ್ಗಿ ಬ್ರೇಕು ನೋಡಿದರು, ಚಕ್ರ ಎತ್ತಿ ತಿರುಗಿಸಿದರು. ಆಮೇಲೆ ಪಕ್ಕದ ಸೈಕಲ್ಲಿನ ಬ್ರೇಕು ನೋಡಿದರು. ಅದರ ಪಕ್ಕದ್ದು. ಹೀಗೆ ಒಂದೊಂದಾಗಿ ಸಾಲಿನ ಕೊನೆಯವರೆಗೂ ಹೋದರು. ಹೊತ್ತಾಗುತ್ತಿತ್ತು. ಅತ್ತೆಗೆ ನಾಚಿಕೆಯಾಗಿ ಸೀಟಿಯ ಹೆಂಗಸಿನ ಮುಖ ನೋಡಿದರು. ಆಕೆ ಕಣ್ಣಲ್ಲೇ ಸುಮ್ಮನಿರಿ ಎಂದಳು. ಮೂವತ್ತು ಹೆಂಗಸರೂ ತಮ್ಮ ತಮ್ಮ ಹ್ಯಾಂಡಲು ಹಿಡಿದು, ಮುದುಕರ ಕೈ ತಮ್ಮ ಸೈಕಲ್ಲಿಗೆ ಬರುವವರೆಗೆ ಕಾದರು. ಒಬ್ಬಳ ಬ್ರೇಕಿನ ರಬ್ಬರು ಸವೆದಿತ್ತು. ಇದನ್ನ ಹಾಕಿಸ್ಕೊಳ್ಳಮ್ಮ ಎಂದರು. ಸಂಜೆನೇ ಹಾಕಿಸ್ಕೋತೀನಿ ಅಪ್ಪಾ ಎಂದಳು ಅವಳು.

ಸೊಸೆಯನ್ನು ಐದನೆಯ ಜೋಡಿಯಲ್ಲಿ ಒಳಬದಿಗೆ ನಿಲ್ಲಿಸಿಕೊಂಡರು. ಮಾವ ಹಿಂದಕ್ಕೆ ಸರಿದರು. ಸೊಸೆ ಕಾಲು ಪೆಡಲಿಗಿಟ್ಟು ಅವರತ್ತಲೇ ನೋಡುತ್ತಿದ್ದಳು.

"ಹೋಗ್ಬಾಮ್ಮ" ಎಂದರು ಅವರು.

ಸಾಲು ಲಾರಿಗಳ ನಡುವೆ ಸೇರಿ ಧೂಳಿನಲ್ಲಿ ಮರೆಯಾಯಿತು. ಐದು ನಿಮಿಷಕ್ಕೆ ವಾಪಸಿನ ರೈಲು ಬಂತು. ಮುಂದಿನದಕ್ಕೆ ಹೋಗೋಣ ಎಂದರು ಮಾವ. ಮುಂದಿನದು ಬಂದಾಗಲೂ ಎದ್ದೇಳಲಿಲ್ಲ. ಅತ್ತೆಗೆ ಅರ್ಥವಾಯಿತು. ಪ್ಲಾಟ್‌ಫಾರಂ ಕೊನೆಯ ಬೆಂಚಿನಿಂದ ರಸ್ತೆ ಕಾಣುತ್ತಿತ್ತು. ಮಧ್ಯಾಹ್ನ ಪಂಕ್ಚರ್ ಅಂಗಡಿಯ ಹೆಂಗಸು ತನ್ನ ಡಬ್ಬಿಯಿಂದ ಎರಡು ಮುಷ್ಟಿ ಅನ್ನವನ್ನು ಕಾಗದದಲ್ಲಿ ತಂದುಕೊಟ್ಟು ಹೋದಳು. ಅತ್ತೆ ತಿಂದರು. ಮಾವನ ಪಾಲು ಬೆಂಚಿನ ಮೇಲೆಯೇ ಒಣಗಿತು. ಒಂದೊಂದು ಲಾರಿ ಹೋದಾಗಲೂ ಅವರ ಹೆಬ್ಬೆರಳು ಇನ್ನೊಂದು ಬೆರಳಿನ ಗೆಣ್ಣಿಗೆ ಸರಿಯುತ್ತಿತ್ತು.

ಐದಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಕೆಂಪು ಬಟ್ಟೆ ಕಂಡಿತು. ಸೊಸೆ ಸೈಕಲ್ಲಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿ ಬಂದವಳು ಬೆಂಚಿನ ಹತ್ತಿರ ನಿಂತುಬಿಟ್ಟಳು. ಇಬ್ಬರ ಮುಖವನ್ನೂ, ಕಾಗದದಲ್ಲಿನ ಅನ್ನವನ್ನೂ ನೋಡಿದಳು. ಮಾವನ ಪಕ್ಕದಲ್ಲಿ ಕೂತು, ಬಲಗೈಯಿಂದ ಆ ಒಣಗಿದ ಅನ್ನವನ್ನು ತೆಗೆದುಕೊಂಡು ತಿಂದಳು.

"ನಾಳೆನೂ ಬರ್ತೀರಾ ಮಾವ?"

ಮಾವ ರಸ್ತೆಯನ್ನೇ ನೋಡುತ್ತಿದ್ದರು.

"ನಿಮ್ಮತ್ತೆ ಬೇಡ. ಅವಳಿಗೆ ಮಂಡಿ ನೋವು" ಎಂದರು. "ನಾನೊಬ್ನೇ ಬರ್ತೀನಿ."